ರಾಜೀನಾಮೆ ಕೊಟ್ಟು ಗೆದ್ದವನು: ರಾಬರ್ಟ್ ಬಾಲ್ಡ್‌ವಿನ್ ಮತ್ತು ‘ಜವಾಬ್ದಾರಿ ಸರ್ಕಾರ’ದ ಹುಟ್ಟು

ಮಸೂದೆ ಸದನದಲ್ಲಿ ಪಾಸಾಗಿರುತ್ತದೆ, ರಾಜ್ಯಪಾಲರ ಅಂಕಿತ ಬಿದ್ದಿರುವುದಿಲ್ಲ. ಇಲ್ಲವೇ ಆಡಳಿತ ಪಕ್ಷದ ಹತ್ತಿಪ್ಪತ್ತು ಶಾಸಕರು ರಾಜಭವನಕ್ಕೆ ಪತ್ರ ಕೊಟ್ಟಿರುತ್ತಾರೆ, ಸರ್ಕಾರಕ್ಕೆ ಬಹುಮತ ಉಳಿದಿದೆಯೇ ಎಂಬ ಚರ್ಚೆ ಎದ್ದಿರುತ್ತದೆ. ಆಗೆಲ್ಲ ಸಂವಿಧಾನದ 163, 164, 200ನೇ ವಿಧಿಗಳು ಟಿವಿಯಲ್ಲಿ ಓಡಾಡುತ್ತವೆ. ಸಂಖ್ಯೆಗಳನ್ನು ಪಕ್ಕಕ್ಕಿಟ್ಟು ನೋಡಿದರೆ ಅಡಿಯಲ್ಲಿರುವುದು ಒಂದೇ ಪ್ರಶ್ನೆ: ಜನ ಆರಿಸಿದ ಸದನದ ನಂಬಿಕೆ ಪಡೆದ ಮಂತ್ರಿಗಳ ಮಾತನ್ನು, ಮೇಲಿನಿಂದ ನೇಮಕವಾಗಿ ಬಂದವರು ಕೇಳಲೇಬೇಕೇ?

ಬ್ರಿಟಿಷರ ವಸಾಹತುಗಳಲ್ಲಿ ಈ ಪ್ರಶ್ನೆಗೆ ಮೊದಲು ಉತ್ತರ ಸಿಕ್ಕಿದ್ದು ಈಗಿನ ಕೆನಡಾದ ನೆಲದಲ್ಲಿ, 1848ರಲ್ಲಿ. ಆ ಉತ್ತರಕ್ಕಾಗಿ ಇಪ್ಪತ್ತು ವರ್ಷ ಒಂದೇ ಪಟ್ಟು ಹಿಡಿದು ಕೂತವನು ರಾಬರ್ಟ್ ಬಾಲ್ಡ್‌ವಿನ್ (1804–1858) ಎಂಬ ವಕೀಲ. ಒಳ್ಳೆಯ ಭಾಷಣಕಾರ ಎಂಬ ಹೆಸರು ಅವನಿಗಿರಲಿಲ್ಲ. ಬಂದೂಕು ಹಿಡಿಯಲಿಲ್ಲ, ಪಿತೂರಿ ಹೂಡಲಿಲ್ಲ. ತಾನು ಹೇಳಿದ ನಿಯಮದಂತೆ ಆಡಳಿತ ನಡೆಯದಿದ್ದಾಗ ಕುರ್ಚಿ ಬಿಟ್ಟು ಎದ್ದು ಬಂದ. 1836, 1841, 1843, 1851: ಅವನ ರಾಜಕೀಯ ಜೀವನವನ್ನು ಈ ನಾಲ್ಕು ರಾಜೀನಾಮೆಗಳ ಮೂಲಕ ಪೂರ್ತಿ ಹೇಳಿಬಿಡಬಹುದು.

ಯಾರಿಗೆ ಜವಾಬ್ದಾರಿ?

‘ಜವಾಬ್ದಾರಿ ಸರ್ಕಾರ’ ಎಂಬ ಮಾತು ಹಳೇ ಮೈಸೂರಿನವರಿಗೆ ಹೊಸದಲ್ಲ. 1947ರಲ್ಲಿ ‘ಮೈಸೂರು ಚಲೋ’ ಚಳವಳಿಗಾರರು ಕೇಳಿದ್ದು ಇದನ್ನೇ. ಮೈಸೂರಿನಲ್ಲಿ 1881ರಿಂದಲೇ ಪ್ರಜಾಪ್ರತಿನಿಧಿ ಸಭೆ ಇತ್ತು. ಸದಸ್ಯರು ಕಷ್ಟಸುಖ ಹೇಳಿಕೊಳ್ಳಬಹುದಿತ್ತು, ಟೀಕಿಸಬಹುದಿತ್ತು. ಆದರೆ ದಿವಾನರನ್ನು ನೇಮಿಸುವವರು ಮಹಾರಾಜರು, ಇಳಿಸುವವರೂ ಅವರೇ. ಸಭೆ ಬೇಡವೆಂದರೂ ದಿವಾನರು ಉಳಿಯಬಹುದಿತ್ತು. 1947ರ ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿ ಮುಖ್ಯಮಂತ್ರಿಯಾದಾಗ ಬದಲಾದದ್ದು ಈ ಒಂದು ಕೊಂಡಿ.

ಇಲ್ಲಿ ಜವಾಬ್ದಾರಿ ಎಂದರೆ ‘ಹೊಣೆಯರಿತು ನಡೆಯುವುದು’ ಎಂದಲ್ಲ. ‘ಜವಾಬು’ ಎಂದರೆ ಉತ್ತರ. ಮಂತ್ರಿ ಯಾರಿಗೆ ಜವಾಬು ಹೇಳಬೇಕು, ಯಾರು ಬೇಡವೆಂದರೆ ಮನೆಗೆ ಹೋಗಬೇಕು ಎಂಬುದಷ್ಟೇ ವಿಷಯ.

ದಿನನಿತ್ಯದ ಹೋಲಿಕೆಯೊಂದನ್ನು ಹಿಡಿಯೋಣ. ಒಂದು ಅಪಾರ್ಟ್‌ಮೆಂಟ್. ಬಿಲ್ಡರ್ ಬೇರೆ ಊರಿನಲ್ಲಿದ್ದಾನೆ, ಮ್ಯಾನೇಜರನ್ನು ನೇಮಿಸಿದವನು ಅವನು. ನಿವಾಸಿಗಳು ತಿಂಗಳು ತಿಂಗಳು ಮೇಂಟೆನೆನ್ಸ್ ಕಟ್ಟುತ್ತಾರೆ, ಸಭೆ ಸೇರುತ್ತಾರೆ, ‘ಈ ಮ್ಯಾನೇಜರ್ ಬೇಡ’ ಎಂದು ನಿರ್ಣಯವನ್ನೂ ಮಾಡುತ್ತಾರೆ. ಮ್ಯಾನೇಜರ್ ಅದನ್ನು ಓದಿ ಫೈಲಿಗೆ ಸೇರಿಸುತ್ತಾನೆ. ಸಿಟ್ಟಾದ ನಿವಾಸಿಗಳು ದುಡ್ಡು ಕಟ್ಟುವುದನ್ನು ನಿಲ್ಲಿಸಿದರೆ? ಕೆಳಗಿನ ಅಂಗಡಿಗಳ ಬಾಡಿಗೆ ನೇರ ಅವನ ಕೈಗೆ ಬರುತ್ತದೆ, ಅದರಲ್ಲೇ ಕಚೇರಿ ನಡೆಸುತ್ತಾನೆ. ನಿವಾಸಿಗಳಿಗೆ ಬಾಯಿದೆ, ಹಿಡಿತವಿಲ್ಲ. 1791ರ ನಂತರದ ಕೆನಡಾ ಹೀಗಿತ್ತು.

1791ರ ಏರ್ಪಾಡಿನ ತೊಡಕು

1791ರ ಕಾಯ್ದೆ ಆ ವಸಾಹತನ್ನು ಎರಡಾಗಿ ಸೀಳಿತು. ಇಂಗ್ಲಿಷ್ ಮಾತಾಡುವವರು ಹೆಚ್ಚಿದ್ದ ಅಪ್ಪರ್ ಕೆನಡಾ (ಇಂದಿನ ಒಂಟಾರಿಯೊದ ದಕ್ಷಿಣ ಭಾಗ) ಒಂದು, ಫ್ರೆಂಚ್ ಮಾತಾಡುವವರು ಹೆಚ್ಚಿದ್ದ ಲೋವರ್ ಕೆನಡಾ (ಇಂದಿನ ಕ್ವಿಬೆಕ್‌ನ ದಕ್ಷಿಣ ಭಾಗ) ಇನ್ನೊಂದು. ಸೇಂಟ್ ಲಾರೆನ್ಸ್ ನದಿಯ ಹರಿವಿನಲ್ಲಿ ಮೇಲಿರುವುದು ಅಪ್ಪರ್, ಕೆಳಗಿರುವುದು ಲೋವರ್. ಭೂಪಟದಲ್ಲಿ ನೋಡಿದರೆ ತಲೆಕೆಳಗಾಗಿ ಕಾಣುತ್ತದೆ.

ಎರಡರಲ್ಲೂ ಆಡಳಿತದ ಅಂಗಗಳು ನಾಲ್ಕು. ಲಂಡನ್ ಕಳಿಸಿದ ಗವರ್ನರ್. ಅವನು ಆರಿಸಿಕೊಂಡ ಕಾರ್ಯಕಾರಿ ಮಂಡಳಿ, ಅಂದರೆ ಮಂತ್ರಿಗಳಂಥ ಸಲಹೆಗಾರರು. ನೇಮಕವಾದ ಮೇಲ್ಮನೆ. ಕೊನೆಗೆ ಜನ ಆರಿಸಿದ ಶಾಸನಸಭೆ. ಈ ನಾಲ್ಕರಲ್ಲಿ ಜನರ ಕೈಯಲ್ಲಿದ್ದದ್ದು ಒಂದೇ ಒಂದು.

ಶಾಸನಸಭೆಯ ಮಸೂದೆಯನ್ನು ಮೇಲ್ಮನೆ ತಳ್ಳಿಹಾಕಬಹುದಿತ್ತು. ಅಲ್ಲಿ ದಾಟಿದರೆ ಗವರ್ನರ್ ಅಂಕಿತ ಹಾಕಬಹುದು, ಹಾಕದಿರಬಹುದು, ಅಥವಾ ರಾಜಮನೆತನದ ತೀರ್ಮಾನಕ್ಕೆಂದು ಲಂಡನ್‌ಗೆ ಕಾಯ್ದಿರಿಸಬಹುದು. ನಮ್ಮ ಸಂವಿಧಾನದ 200ನೇ ವಿಧಿ ಓದಿದವರಿಗೆ ಈ ಮೂರು ದಾರಿಗಳ ಪರಿಚಯವಿರುತ್ತದೆ: ಅಂಕಿತ, ತಡೆ, ರಾಷ್ಟ್ರಪತಿಯ ಪರಿಶೀಲನೆಗೆ ಕಾಯ್ದಿರಿಸುವುದು. ವಸಾಹತು ಕಾಲದ ಅಚ್ಚು ಹಾಗೇ ಇಳಿದು ಬಂದಿದೆ.

ಇನ್ನು ದುಡ್ಡು. ಇಂಗ್ಲೆಂಡಿನ ಸಂಸತ್ತು ರಾಜರನ್ನು ಬಗ್ಗಿಸಿದ್ದು ಖಜಾನೆ ಹಿಡಿದು. ಕೆನಡಾದ ಶಾಸನಸಭೆಗೆ ಆ ಹಿಡಿಕೆ ಪೂರ್ತಿ ಸಿಗಲಿಲ್ಲ. ಸರ್ಕಾರಿ ಜಮೀನು, ಕಾಡು, ಪರವಾನಗಿಗಳಿಂದ ಗವರ್ನರ್‌ಗೆ ಬೇರೆ ಆದಾಯವಿತ್ತು. ಅಪಾರ್ಟ್‌ಮೆಂಟಿನ ಅಂಗಡಿ ಬಾಡಿಗೆ ಎಂದರೆ ಇದೇ. ಹಂಚಿಕೆಯಾಗುವ ಜಮೀನಿನ ಏಳನೇ ಒಂದು ಭಾಗಕ್ಕೆ ಸಮನಾದಷ್ಟನ್ನು ಪ್ರಾಟೆಸ್ಟೆಂಟ್ ಪಾದ್ರಿಗಳ ಜೀವನಾಂಶಕ್ಕೆಂದು ಮೀಸಲಿಟ್ಟಿದ್ದರು. ರೈತರ ಹೊಲಗಳ ನಡುನಡುವೆ ಖಾಲಿ ಬಿದ್ದ ಈ ತುಂಡುಗಳು ರಸ್ತೆ ಮಾಡಲಿಕ್ಕೂ ಅಡ್ಡಿಯಾಗುತ್ತಿದ್ದವು.

ಗವರ್ನರ್‌ಗಳು ಕೆಲವೇ ವರ್ಷಕ್ಕೆ ಬದಲಾಗುವರು, ಸಲಹೆಗಾರರು ದಶಕಗಟ್ಟಲೆ ಅಲ್ಲೇ ಇರುವರು. ಹೀಗಾಗಿ ನ್ಯಾಯಾಧೀಶ, ಬಿಷಪ್, ಬ್ಯಾಂಕಿನ ನಿರ್ದೇಶಕ, ಜಮೀನು ಹಂಚುವವ ಎಲ್ಲ ಒಂದೇ ಬಳಗದವರಾದರು. ಅಪ್ಪರ್ ಕೆನಡಾದಲ್ಲಿ ಈ ಬಳಗಕ್ಕೆ ‘ಫ್ಯಾಮಿಲಿ ಕಾಂಪ್ಯಾಕ್ಟ್’ ಎಂದು ಹೆಸರು ಬಿತ್ತು.

ಟೊರಾಂಟೊದ ವಕೀಲ

ಬಾಲ್ಡ್‌ವಿನ್ ಹುಟ್ಟಿದ್ದು 1804ರ ಮೇ 12ರಂದು ಯಾರ್ಕ್ ಪಟ್ಟಣದಲ್ಲಿ. ಅದೇ ಈಗಿನ ಟೊರಾಂಟೊ. ತಂದೆ ವಿಲಿಯಂ ವಾರನ್ ಬಾಲ್ಡ್‌ವಿನ್ ಐರ್ಲೆಂಡಿನಿಂದ ಬಂದವನು, ವೈದ್ಯನೂ ವಕೀಲನೂ ಆಗಿದ್ದ. ಊರಿನ ಹೊರಗೆ ಸ್ಪಡೈನಾ ಎಂಬ ಮನೆ ಕಟ್ಟಿಸಿದ. ಟೊರಾಂಟೊದ ಅಗಲವಾದ ಸ್ಪಡೈನಾ ರಸ್ತೆಯ ಹೆಸರು ಅಲ್ಲಿಂದ ಬಂದದ್ದು. ಮಂತ್ರಿಗಳು ಶಾಸನಸಭೆಯ ನಂಬಿಕೆ ಇರುವಷ್ಟು ದಿನ ಮಾತ್ರ ಇರಬೇಕು ಎಂಬ ವಿಚಾರ ಮೊದಲು ತಂದೆಯದು. ಮಗ ಅದನ್ನು ಬೇರೆ ಯಾವ ಬೇಡಿಕೆಯೊಂದಿಗೂ ಬೆರೆಸದೆ ಹಿಡಿದುಕೊಂಡ.

1825ರಲ್ಲಿ ವಕೀಲನಾದ. 1827ರಲ್ಲಿ ಬಂಧುವೇ ಆದ ಅಗಸ್ಟಾ ಎಲಿಜಬೆತ್ ಸಲಿವನ್‌ಳನ್ನು ಮದುವೆಯಾದ. 1829ರ ಉಪಚುನಾವಣೆಯಲ್ಲಿ ಗೆದ್ದು, 1830ರಲ್ಲಿ ಸೋತು, ಮತ್ತೆ ವಕೀಲಿಕೆಗೆ ಮರಳಿದ. ನಾಲ್ಕನೆಯ ಮಗುವಿನ ಹೆರಿಗೆಯಲ್ಲಿ ಅಗಸ್ಟಾಳಿಗೆ ಹೊಟ್ಟೆ ಕೊಯ್ದು ಮಗುವನ್ನು ತೆಗೆಯಬೇಕಾಯಿತು. ಅವಳು ಮತ್ತೆ ಸುಧಾರಿಸಿಕೊಳ್ಳಲೇ ಇಲ್ಲ, 1836ರ ಜನವರಿ 11ರಂದು ತೀರಿಕೊಂಡಳು. ಬಾಲ್ಡ್‌ವಿನ್ ಬೇರೆ ಮದುವೆಯಾಗಲಿಲ್ಲ.

ಮೂರು ವಾರದ ಮಂತ್ರಿಗಿರಿ

ಹೆಂಡತಿ ಸತ್ತು ಆರು ವಾರವೂ ಆಗಿರಲಿಲ್ಲ. ಹೊಸದಾಗಿ ಬಂದ ಲೆಫ್ಟಿನೆಂಟ್ ಗವರ್ನರ್ ಸರ್ ಫ್ರಾನ್ಸಿಸ್ ಬಾಂಡ್ ಹೆಡ್, ಈ ಆಡಳಿತ ಬಳಗವನ್ನು ವಿರೋಧಿಸುತ್ತಿದ್ದ ಸುಧಾರಣಾವಾದಿಗಳನ್ನು ಸಮಾಧಾನಪಡಿಸಲು ಬಾಲ್ಡ್‌ವಿನ್‌ನನ್ನು ಕಾರ್ಯಕಾರಿ ಮಂಡಳಿಗೆ ಕರೆದ. ಸೇರಿದ ಮೇಲೆ ವಿಷಯ ತಿಳಿಯಿತು: ಹೆಡ್ ಯಾವುದಕ್ಕೂ ಸಲಹೆ ಕೇಳುತ್ತಿರಲಿಲ್ಲ. ಜನ ಮಾತ್ರ ಎಲ್ಲ ತೀರ್ಮಾನಗಳಿಗೂ ಮಂಡಳಿಯೇ ಹೊಣೆ ಎಂದುಕೊಂಡಿದ್ದರು.

ಸಲಹೆ ಕೇಳದೆ ಹೊಣೆ ಹೊರಿಸುವ ಈ ಏರ್ಪಾಡನ್ನು ಬಾಲ್ಡ್‌ವಿನ್ ಒಪ್ಪಲಿಲ್ಲ. 1836ರ ಮಾರ್ಚ್‌ನಲ್ಲಿ, ಸೇರಿ ಮೂರೇ ವಾರಕ್ಕೆ, ಮಂಡಳಿಯ ಆರೂ ಜನ ಒಟ್ಟಿಗೆ ರಾಜೀನಾಮೆ ಕೊಟ್ಟರು. ಅದರಲ್ಲಿ ಹಳೆಯ ಆಡಳಿತ ಬಳಗದವರೂ ಇದ್ದರು ಎಂಬುದು ಮುಖ್ಯ. ಒಬ್ಬನೇ ಎದ್ದು ಹೋದರೆ ಅದು ವೈಯಕ್ತಿಕ ಜಗಳ. ಎಲ್ಲರೂ ಎದ್ದರೆ ಗವರ್ನರ್ ಕೂತಿರುವ ಹಲಗೆಯೇ ಅಲುಗುತ್ತದೆ. ‘ಸಾಮೂಹಿಕ ಹೊಣೆ’ ಎಂದು ನಾವು ಇಂದು ಕರೆಯುವುದು ಅಲ್ಲಿ ಕಣ್ಣಿಗೆ ಕಂಡಿತು.

ಬಾಲ್ಡ್‌ವಿನ್ ಲಂಡನ್‌ಗೆ ಹೋದ. ವಸಾಹತು ಮಂತ್ರಿ ಲಾರ್ಡ್ ಗ್ಲೆನೆಲ್ಗ್ ಭೇಟಿಗೆ ಒಪ್ಪಲಿಲ್ಲ. ಹಾಗಾಗಿ ಪತ್ರ ಬರೆದು ಕೊಟ್ಟ. ಪತ್ರದ ವಾದ ಸರಳ. ಹೊಸ ಕಾಯ್ದೆ ಬೇಡ, ಸಂವಿಧಾನ ತಿದ್ದುವುದು ಬೇಡ. ಇಂಗ್ಲೆಂಡಿನಲ್ಲಿ ರಾಜ ತನ್ನ ಮಂತ್ರಿಗಳನ್ನು ನಡೆಸಿಕೊಳ್ಳುವ ಹಾಗೆ ಇಲ್ಲಿ ಗವರ್ನರ್ ತನ್ನ ಮಂಡಳಿಯನ್ನು ನಡೆಸಿಕೊಂಡರೆ ಸಾಕು. ಹಾಗೆ ಮಾಡದಿದ್ದರೆ ವಸಾಹತು ಕೈತಪ್ಪುತ್ತದೆ.

ದಂಗೆ, ಡರ್ಹಮ್ ವರದಿ

ಒಂದೂವರೆ ವರ್ಷಕ್ಕೆ ದಂಗೆ ಎದ್ದಿತು. 1837ರ ಕೊನೆಯಲ್ಲಿ ಲೋವರ್ ಕೆನಡಾದಲ್ಲಿ ಫ್ರೆಂಚರ ನಾಯಕ ಪಾಪಿನೊನ ಬೆಂಬಲಿಗರು, ಅಪ್ಪರ್ ಕೆನಡಾದಲ್ಲಿ ವಿಲಿಯಂ ಲಯನ್ ಮೆಕೆಂಝಿಯ ಜನ ಆಯುಧ ಹಿಡಿದರು. ಮೆಕೆಂಝಿಯ ಗುಂಪು ಯಂಗ್ ರಸ್ತೆಯಲ್ಲಿ ಟೊರಾಂಟೊ ಕಡೆ ಇಳಿದು ಬರುತ್ತಿದ್ದಾಗ, ಮಾತುಕತೆಗೆ ಬಿಳಿ ಬಾವುಟ ಹಿಡಿದು ಹೋಗಲು ಹೆಡ್‌ಗೆ ನೆನಪಾದದ್ದು ಬಾಲ್ಡ್‌ವಿನ್. ಹೋದ, ಮಾತುಕತೆ ಮುರಿದು ಬಿತ್ತು. ಎರಡೂ ಕಡೆಯವರು ಅವನ ಮೇಲೆ ಅನುಮಾನ ಪಟ್ಟರು.

ದಂಗೆ ಅಡಗಿಸಿದ ಮೇಲೆ ಕಾರಣ ಹುಡುಕಲು ಲಂಡನ್ ಕಳಿಸಿದ್ದು ಲಾರ್ಡ್ ಡರ್ಹಮ್‌ನನ್ನು. 1838ರಲ್ಲಿ ಬಾಲ್ಡ್‌ವಿನ್ ತಂದೆ-ಮಗ ಇಬ್ಬರೂ ಅವನಿಗೆ ತಮ್ಮ ವಾದ ಬರೆದು ಕೊಟ್ಟರು. 1839ರ ಡರ್ಹಮ್ ವರದಿಯ ಶಿಫಾರಸುಗಳಲ್ಲಿ ಎರಡು ದೊಡ್ಡವು. ಒಂದು, ಒಳಾಡಳಿತದಲ್ಲಿ ಮಂತ್ರಿಗಳು ಶಾಸನಸಭೆಗೆ ಜವಾಬು ಹೇಳಬೇಕು. ಸಂವಿಧಾನದ ಸ್ವರೂಪ, ವಿದೇಶ ಸಂಬಂಧ, ವ್ಯಾಪಾರ ನೀತಿ, ಸರ್ಕಾರಿ ಜಮೀನು ಮಾತ್ರ ಲಂಡನ್ ಕೈಯಲ್ಲಿರಲಿ. ಇನ್ನೊಂದು, ಎರಡೂ ಪ್ರಾಂತಗಳನ್ನು ಒಂದು ಮಾಡಿ, ಫ್ರೆಂಚ್ ಜನರನ್ನು ನಿಧಾನವಾಗಿ ಇಂಗ್ಲಿಷರಲ್ಲಿ ಕರಗಿಸಿಬಿಡಬೇಕು.

ಲಂಡನ್ ಎರಡನೆಯದನ್ನು ತಕ್ಷಣ ಒಪ್ಪಿತು, ಮೊದಲನೆಯದನ್ನು ಒಪ್ಪಲಿಲ್ಲ. ಅದಕ್ಕೆ ಅವರು ಕೊಟ್ಟ ಕಾರಣವನ್ನು ನ್ಯಾಯವಾಗಿಯೇ ನೋಡಬೇಕು. ಆಗಿನ ವಸಾಹತು ಮಂತ್ರಿ ಲಾರ್ಡ್ ಜಾನ್ ರಸೆಲ್ 1839ರಲ್ಲಿ ಬರೆದದ್ದರ ಸಾರ ಇದು: ಗವರ್ನರ್‌ಗೆ ಲಂಡನ್ನಿನಿಂದ ಒಂದು ಆದೇಶ, ಸ್ಥಳೀಯ ಮಂಡಳಿಯಿಂದ ತದ್ವಿರುದ್ಧ ಸಲಹೆ ಬಂದರೆ ಅವನು ಯಾರ ಮಾತು ಕೇಳಬೇಕು? ಒಬ್ಬ ಆಳಿಗೆ ಇಬ್ಬರು ಯಜಮಾನರು ಆಗುವುದಿಲ್ಲ. ಮುಂದಿನ ಒಂಬತ್ತು ವರ್ಷದ ರಾಜಕೀಯವೆಲ್ಲ ಈ ಗಂಟು ಬಿಡಿಸುವುದರಲ್ಲೇ ಕಳೆಯಿತು.

ಕ್ಷೇತ್ರ ಕೊಟ್ಟು ಕ್ಷೇತ್ರ ಪಡೆದದ್ದು

1841ರ ಫೆಬ್ರವರಿಯಲ್ಲಿ ಎರಡೂ ಪ್ರಾಂತಗಳು ಒಂದಾದವು. ಹೊಸ ಸಭೆಯಲ್ಲಿ 84 ಸ್ಥಾನ, ಎರಡೂ ಭಾಗಕ್ಕೆ ತಲಾ 42. ಜನಸಂಖ್ಯೆ ಲೋವರ್ ಕೆನಡಾದಲ್ಲಿ ಹೆಚ್ಚಿದ್ದರೂ ಸ್ಥಾನ ಸಮ. ಸಾಲ ಹೆಚ್ಚಿದ್ದದ್ದು ಅಪ್ಪರ್ ಕೆನಡಾಕ್ಕೆ, ಅದನ್ನು ಇಬ್ಬರ ತಲೆಗೂ ಕಟ್ಟಿದರು. ಸದನದ ದಾಖಲೆ ಇಂಗ್ಲಿಷಿನಲ್ಲಿ ಮಾತ್ರ. ಫ್ರೆಂಚ್ ಭಾಷಿಕರಿಗೆ ಇದು ಗಾಯದ ಮೇಲೆ ಬರೆ.

ಬಾಲ್ಡ್‌ವಿನ್‌ನ ಗೆಳೆಯ, ಪತ್ರಿಕೆ ನಡೆಸುತ್ತಿದ್ದ ಫ್ರಾನ್ಸಿಸ್ ಹಿಂಕ್ಸ್, ಲೆಕ್ಕ ಹಾಕಿದ. ಇಂಗ್ಲಿಷ್ ಸುಧಾರಣಾವಾದಿಗಳಿಗೆ ಮಾತ್ರ ಬಹುಮತ ಬರುವುದಿಲ್ಲ, ಫ್ರೆಂಚ್ ಪ್ರತಿನಿಧಿಗಳಿಗೂ ಬರುವುದಿಲ್ಲ. ಇಬ್ಬರೂ ಸೇರಿದರೆ ಬರುತ್ತದೆ. ಅವನು ಮಾಂಟ್ರಿಯಲ್‌ನ ವಕೀಲ ಲೂಯಿ-ಇಪೊಲಿತ್ ಲಾಫೊಂತೇನ್‌ಗೆ ಪತ್ರದ ಮೇಲೆ ಪತ್ರ ಬರೆದ.

ಆಗಿನ ಗವರ್ನರ್ ಲಾರ್ಡ್ ಸಿಡೆನ್‌ಹ್ಯಾಮ್ ಬಾಲ್ಡ್‌ವಿನ್‌ನನ್ನು ಸರ್ಕಾರಿ ವಕೀಲನ ಹುದ್ದೆಗೂ ಮಂಡಳಿಗೂ ಸೇರಿಸಿಕೊಂಡಿದ್ದ. ಮಂಡಳಿಯಲ್ಲಿ ಫ್ರೆಂಚರು ಒಬ್ಬರೂ ಇಲ್ಲ, ಅವರನ್ನೂ ಸೇರಿಸಿ ಮತ್ತೆ ರಚಿಸಿ ಎಂದು ಬಾಲ್ಡ್‌ವಿನ್ ಕೇಳಿದ. ಸಿಡೆನ್‌ಹ್ಯಾಮ್ ಒಪ್ಪಲಿಲ್ಲ. 1841ರ ಜೂನ್‌ನಲ್ಲಿ ಎರಡನೆಯ ರಾಜೀನಾಮೆ.

ಅದೇ ವರ್ಷದ ಚುನಾವಣೆಯಲ್ಲಿ ಲಾಫೊಂತೇನ್ ತನ್ನ ತೆರ್‌ಬೊನ್ ಕ್ಷೇತ್ರದಲ್ಲಿ ಸೋತಿದ್ದ. ಸೋತದ್ದಕ್ಕಿಂತ ಸೋಲಿಸಲ್ಪಟ್ಟಿದ್ದ ಎನ್ನಬೇಕು. ಆಗ ಗುಪ್ತ ಮತದಾನವಿರಲಿಲ್ಲ. ಮತದಾರ ಕಟ್ಟೆಯ ಮೇಲೆ ನಿಂತು ಯಾರಿಗೆ ಎಂದು ಎಲ್ಲರೆದುರು ಬಾಯಿಬಿಟ್ಟು ಹೇಳಬೇಕಿತ್ತು. ಮತಗಟ್ಟೆ ಎಲ್ಲಿರಬೇಕೆಂದು ಗೊತ್ತುಮಾಡುವವರು ಆಡಳಿತದವರು. ಫ್ರೆಂಚ್ ಊರುಗಳಿಂದ ದೂರದ ಮೂಲೆಯಲ್ಲಿ ಮತಗಟ್ಟೆ ಇಟ್ಟು, ದೊಣ್ಣೆ ಹಿಡಿದವರು ದಾರಿ ಕಟ್ಟಿದರೆ ಮುಗಿಯಿತು. ರಕ್ತ ಹರಿಯುವುದು ಬೇಡವೆಂದು ಲಾಫೊಂತೇನ್ ಹಿಂದೆ ಸರಿದ.

ಬಾಲ್ಡ್‌ವಿನ್ ಎರಡು ಕಡೆ ಗೆದ್ದಿದ್ದ: ಹೇಸ್ಟಿಂಗ್ಸ್ ಮತ್ತು ಟೊರಾಂಟೊದ ಉತ್ತರದ ನಾಲ್ಕನೇ ಯಾರ್ಕ್. ನಾಲ್ಕನೇ ಯಾರ್ಕನ್ನು ಲಾಫೊಂತೇನ್‌ಗೆ ಬಿಟ್ಟುಕೊಟ್ಟ. ಅಲ್ಲಿನ ಮತದಾರರು ಇಂಗ್ಲಿಷ್ ಮಾತಾಡುವ ಪ್ರಾಟೆಸ್ಟೆಂಟ್ ರೈತರು. ಶ್ಯಾರನ್ ಎಂಬ ಹಳ್ಳಿಯಲ್ಲಿ ‘ಶಾಂತಿಯ ಮಕ್ಕಳು’ ಎಂಬ ಸಣ್ಣ ಪಂಥದವರಿದ್ದರು. ಅವರು ಮರದಲ್ಲಿ ಕಟ್ಟಿದ ಚೌಕಾಕಾರದ ದೇವಾಲಯ ಇಂದಿಗೂ ನಿಂತಿದೆ. ಮೂರು ನಾಲ್ಕು ವರ್ಷದ ಹಿಂದಷ್ಟೇ ದಂಗೆ ಕಂಡ ನಾಡಿನಲ್ಲಿ, ಪರಿಚಯವೇ ಇಲ್ಲದ ಫ್ರೆಂಚ್ ಕ್ಯಾಥೊಲಿಕ್ ಒಬ್ಬನನ್ನು ಅವರು 1841ರ ಸೆಪ್ಟೆಂಬರ್‌ನಲ್ಲಿ ಗೆಲ್ಲಿಸಿದರು.

ಋಣ ತೀರಿಸುವ ಸರದಿ ಬೇಗ ಬಂತು. 1842ರಲ್ಲಿ ಹೊಸ ಗವರ್ನರ್ ಸರ್ ಚಾರ್ಲ್ಸ್ ಬ್ಯಾಗಟ್, ಬೇರೆ ದಾರಿ ಕಾಣದೆ, ಲಾಫೊಂತೇನ್ ಮತ್ತು ಬಾಲ್ಡ್‌ವಿನ್ ಇಬ್ಬರನ್ನೂ ಮಂಡಳಿಗೆ ಕರೆದ. ಮಂತ್ರಿಯಾದವರು ಮತ್ತೊಮ್ಮೆ ತಮ್ಮ ಕ್ಷೇತ್ರದಲ್ಲಿ ಗೆದ್ದು ಬರಬೇಕೆಂಬುದು ಆಗಿನ ನಿಯಮ. ಹೇಸ್ಟಿಂಗ್ಸ್‌ನಲ್ಲಿ ಗಲಭೆಯ ನಡುವೆ ಬಾಲ್ಡ್‌ವಿನ್ ಸೋತ. ಆಗ ಪೂರ್ವದ ಫ್ರೆಂಚ್ ಸೀಮೆಯ ರಿಮೂಸ್ಕಿ ಕ್ಷೇತ್ರ ಅವನಿಗೆ ತೆರವಾಯಿತು. 1843ರ ಜನವರಿಯಲ್ಲಿ, ಫ್ರೆಂಚ್ ಸರಿಯಾಗಿ ಬಾರದ ಟೊರಾಂಟೊದ ವಕೀಲ ಅಲ್ಲಿಂದ ಆರಿಸಿ ಬಂದ. ತನಗೆ ಬಾರದ್ದು ಮಕ್ಕಳಿಗೆ ಬರಲಿ ಎಂದು ಅವರನ್ನು ಕ್ವಿಬೆಕ್‌ಗೆ ಓದಲು ಕಳಿಸಿದ. ಈ ಕೆಲಸವನ್ನು ನಾನು ಅವನ ಎಲ್ಲ ನಿರ್ಣಯ, ಪತ್ರಗಳಿಗಿಂತ ಮೇಲೆ ಇಡುತ್ತೇನೆ. ಕರಗಿಸಬೇಕೆಂದು ಡರ್ಹಮ್ ಹೇಳಿದ್ದ ಭಾಷೆಯನ್ನು ಆಳುವ ಭಾಷೆಯವನೊಬ್ಬ ತನ್ನ ಮಕ್ಕಳಿಗೆ ಕಲಿಸಿದ.

ಕಲ್ಕತ್ತೆಯಲ್ಲಿ ಹುಟ್ಟಿದ ಗವರ್ನರ್

ಬ್ಯಾಗಟ್ ಕಾಯಿಲೆ ಬಿದ್ದು 1843ರಲ್ಲಿ ತೀರಿಕೊಂಡ. ಅವನ ಜಾಗಕ್ಕೆ ಬಂದವನ ಹೆಸರು ನಮ್ಮ ಇತಿಹಾಸ ಓದಿದವರಿಗೆ ಗೊತ್ತು: ಸರ್ ಚಾರ್ಲ್ಸ್ ಮೆಟ್ಕಾಫ್. 1785ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದವನು. ದೆಹಲಿಯಲ್ಲಿ ರೆಸಿಡೆಂಟ್, 1820ರಿಂದ 1825ರವರೆಗೆ ಹೈದರಾಬಾದಿನಲ್ಲಿ ರೆಸಿಡೆಂಟ್. ಇಂದಿನ ಕಲ್ಯಾಣ ಕರ್ನಾಟಕದ ಬಹುಭಾಗ ಆಗ ಆ ಸಂಸ್ಥಾನದಲ್ಲಿತ್ತು. ಭಾರತದ ಹಳ್ಳಿಗಳು ಪುಟ್ಟ ಗಣರಾಜ್ಯಗಳು ಎಂಬ, ಪಠ್ಯಪುಸ್ತಕಗಳಲ್ಲಿ ಬರುವ ಮಾತು ಅವನದು. 1835ರಲ್ಲಿ ಹಂಗಾಮಿ ಗವರ್ನರ್ ಜನರಲ್ ಆಗಿದ್ದಾಗ ಪತ್ರಿಕೆಗಳ ಮೇಲಿನ ನಿರ್ಬಂಧ ತೆಗೆದವನೂ ಅವನೇ.

ಇಂಥ ಉದಾರಿ ಬಾಲ್ಡ್‌ವಿನ್ ಜತೆ ಯಾಕೆ ಸೆಣಸಿದ? ಮೆಟ್ಕಾಫ್ ಕೆಟ್ಟವನಾಗಿರಲಿಲ್ಲ. ಆದರೆ ಸುಮಾರು ನಾಲ್ಕು ದಶಕ ಅವನು ಕೆಲಸ ಮಾಡಿದ ನೆಲದಲ್ಲಿ ಆಳುವವನು ಎಲ್ಲರ ಮಾತು ಕೇಳಿ ತೀರ್ಮಾನ ತಾನು ಮಾಡುತ್ತಿದ್ದ. ಕೇಳಿದ ಮೇಲೆ ಪಾಲಿಸಲೂಬೇಕು ಎಂಬುದು ಅವನಿಗೆ ಹೊಸದು. ಗವರ್ನರ್ ಒಂದು ಪಕ್ಷದ ಕೈಗೊಂಬೆಯಾಗಬಾರದು ಎಂದೇ ಅವನು ಪ್ರಾಮಾಣಿಕವಾಗಿ ನಂಬಿದ್ದ.

ಜಗಳ ಹೊತ್ತಿದ್ದು ಒಂದು ಸಣ್ಣ ನೇಮಕದಿಂದ. ಡಲ್ಹೌಸಿ ಜಿಲ್ಲೆಯ ನ್ಯಾಯಾಲಯದ ಗುಮಾಸ್ತಿಕೆಯ ಹುದ್ದೆಗೆ ಮೆಟ್ಕಾಫ್ ಮಂತ್ರಿಗಳನ್ನು ಕೇಳದೆ ವಿರೋಧಿ ಬಣದ ಕಡೆಯವನೊಬ್ಬನನ್ನು ನೇಮಿಸಿದ. ಇಷ್ಟು ಸಣ್ಣ ವಿಷಯಕ್ಕೆ ಸರ್ಕಾರ ಬಿಡಬೇಕೇ ಎನಿಸಬಹುದು. ಆಗಿನ ಆಡಳಿತದ ಒಳಗುಟ್ಟು ಅದರಲ್ಲಿದೆ. ಶೆರೀಫ್, ಪೋಸ್ಟ್ ಮಾಸ್ಟರ್, ಜಮೀನು ನೋಂದಾಯಿಸುವವ, ಚುನಾವಣಾಧಿಕಾರಿ ಎಲ್ಲರೂ ನೇಮಕದವರೇ. ಮತಗಟ್ಟೆ ಎಲ್ಲಿಡಬೇಕೆಂಬ ಅಧಿಕಾರ ಎಂಥದೆಂದು ತೆರ್‌ಬೊನ್‌ನಲ್ಲಿ ನೋಡಿದ್ದೇವೆ. ನೇಮಕ ಯಾರ ಕೈಯಲ್ಲಿದೆಯೋ ಊರು ಅವರ ಕೈಯಲ್ಲಿ.

ಜತೆಗೆ ಮಸೂದೆಯ ಜಗಳವೂ ಸೇರಿತು. ಪ್ರಾಟೆಸ್ಟೆಂಟರ ಆರೆಂಜ್ ಸಂಘದಂಥ ರಹಸ್ಯ ಸಂಘಟನೆಗಳನ್ನು ಹತ್ತಿಕ್ಕುವ ಮಸೂದೆಯೊಂದನ್ನು ಸದನ ಪಾಸು ಮಾಡಿತ್ತು. ಮೆಟ್ಕಾಫ್ ಅದಕ್ಕೆ ಅಂಕಿತ ಹಾಕದೆ ಲಂಡನ್‌ಗೆ ಕಾಯ್ದಿರಿಸಿದ. 1843ರ ನವೆಂಬರ್‌ನಲ್ಲಿ ಒಬ್ಬನನ್ನು ಬಿಟ್ಟು ಮಂತ್ರಿಗಳೆಲ್ಲ ರಾಜೀನಾಮೆ ಕೊಟ್ಟರು. ಬಾಲ್ಡ್‌ವಿನ್‌ನ ಮೂರನೆಯದು.

ಈ ಸಲ ಬೆಲೆ ತೆರಬೇಕಾಯಿತು. 1844ರ ಚುನಾವಣೆಯಲ್ಲಿ ಮೆಟ್ಕಾಫ್ ತಾನೇ ಕಣಕ್ಕಿಳಿದವನಂತೆ ಪ್ರಚಾರ ನಡೆಸಿದ; ಇದು ರಾಣಿಗೆ ನಿಷ್ಠೆಯ ಪ್ರಶ್ನೆ ಎಂದ. ಲೋವರ್ ಕೆನಡಾ ಲಾಫೊಂತೇನ್ ಕಡೆ ನಿಂತಿತು, ಅಪ್ಪರ್ ಕೆನಡಾ ಬಾಲ್ಡ್‌ವಿನ್‌ನನ್ನು ಕೈಬಿಟ್ಟಿತು. ಗವರ್ನರ್ ಬಳಗಕ್ಕೆ ಕೂದಲೆಳೆಯ ಬಹುಮತ ಸಿಕ್ಕಿತು. ಆದರೆ ಮೆಟ್ಕಾಫ್‌ನ ಕೆನ್ನೆಯನ್ನು ಕ್ಯಾನ್ಸರ್ ತಿನ್ನುತ್ತಿತ್ತು. 1845ರ ಕೊನೆಗೆ ಇಂಗ್ಲೆಂಡಿಗೆ ಮರಳಿದ, ಮರುವರ್ಷ ತೀರಿಕೊಂಡ.

54ಕ್ಕೆ 20

ಗಂಟು ಬಿಚ್ಚಿದ್ದಕ್ಕೆ ಲಂಡನ್ನಿನಲ್ಲೂ ಕಾರಣವಿದೆ. 1846ರಲ್ಲಿ ಬ್ರಿಟನ್ ಧಾನ್ಯ ಆಮದಿನ ಮೇಲಿನ ಹಳೆಯ ಸುಂಕ ಕಾಯ್ದೆಗಳನ್ನು ರದ್ದು ಮಾಡಿ ಮುಕ್ತ ವ್ಯಾಪಾರದತ್ತ ತಿರುಗಿತು. ವಸಾಹತುಗಳ ವ್ಯಾಪಾರವನ್ನು ಬಿಗಿಯಾಗಿ ಹಿಡಿಯುವ ಅಗತ್ಯ ಕಡಿಮೆಯಾದಾಗ, ಅವುಗಳ ಒಳಾಡಳಿತ ಹಿಡಿದುಕೊಳ್ಳುವುದರಲ್ಲೂ ಲಾಭ ಕಾಣಲಿಲ್ಲ. ಹೊಸ ವಸಾಹತು ಮಂತ್ರಿ ಅರ್ಲ್ ಗ್ರೇ, ಸದನದ ಬಹುಮತ ಯಾರಿಗಿದೆಯೋ ಅವರನ್ನೇ ಮಂತ್ರಿ ಮಾಡಿ ಎಂದು 1846ರಲ್ಲೇ ನೋವಾ ಸ್ಕೋಶಿಯಾದ (ಆಗ ಅದು ಬೇರೆಯೇ ವಸಾಹತು) ಗವರ್ನರ್‌ಗೆ ಬರೆದ. ಕೆನಡಾಕ್ಕೆ 1847ರಲ್ಲಿ ಲಾರ್ಡ್ ಎಲ್ಗಿನ್ ಬಂದ. ಇವನು ಡರ್ಹಮ್‌ನ ಅಳಿಯ.

1848ರ ಫೆಬ್ರವರಿಯಲ್ಲಿ ನೋವಾ ಸ್ಕೋಶಿಯಾದಲ್ಲಿ ಮೊದಲ ಜವಾಬ್ದಾರಿ ಸರ್ಕಾರ ಬಂತು. ಕೆಲವೇ ವಾರಕ್ಕೆ ಕೆನಡಾದ ಸರದಿ. ಚುನಾವಣೆ ಮುಗಿದು ಸದನ ಸೇರಿದಾಗ ಹಳೆಯ ಮಂತ್ರಿಮಂಡಲದ ಮೇಲೆ ವಿಶ್ವಾಸವಿಲ್ಲ ಎಂಬ ತಿದ್ದುಪಡಿ 54–20ರಲ್ಲಿ ಗೆದ್ದಿತು. ಮಂತ್ರಿಗಳು ರಾಜೀನಾಮೆ ಕೊಟ್ಟರು. ಎಲ್ಗಿನ್ ಬಹುಮತದ ನಾಯಕರನ್ನು ಕರೆದ. ಮಾರ್ಚ್ 11ರಂದು ಲಾಫೊಂತೇನ್–ಬಾಲ್ಡ್‌ವಿನ್ ಸರ್ಕಾರ ಅಧಿಕಾರ ವಹಿಸಿತು. ಕೆಲಸ ನಡೆಯುವ ಕ್ರಮ ಇಷ್ಟೇ: ಸದನದಲ್ಲಿ ಎಣಿಕೆ, ಸೋತವರ ರಾಜೀನಾಮೆ, ಗೆದ್ದವರಿಗೆ ಕರೆ. ಗವರ್ನರ್‌ಗೆ ಯಾರು ಇಷ್ಟ ಎಂಬ ಪ್ರಶ್ನೆ ಎಲ್ಲೂ ಬರುವುದಿಲ್ಲ.

1849ರ ಜನವರಿಯಲ್ಲಿ ಎಲ್ಗಿನ್ ಸದನವನ್ನು ಉದ್ದೇಶಿಸಿ ಇಂಗ್ಲಿಷಿನಲ್ಲಿ ಓದಿದ ಭಾಷಣವನ್ನು ಫ್ರೆಂಚ್‌ನಲ್ಲೂ ಓದಿದ. ಭಾಷೆಯ ಮೇಲಿನ ನಿರ್ಬಂಧ ಅಷ್ಟರಲ್ಲಿ ರದ್ದಾಗಿತ್ತು.

ಸಂಸತ್ತು ಸುಟ್ಟ ರಾತ್ರಿ

ನಿಯಮ ಒಪ್ಪುವುದು ಒಂದು, ಅದು ಸುಡುವಾಗಲೂ ಹಿಡಿದಿರುವುದು ಇನ್ನೊಂದು. ಪರೀಕ್ಷೆ ಬಂದದ್ದು 1849ರ ದಂಗೆ ನಷ್ಟ ಪರಿಹಾರ ಮಸೂದೆಯಿಂದ.

ದಂಗೆಯ ಕಾಲದಲ್ಲಿ ಆಸ್ತಿ ಕಳೆದುಕೊಂಡವರಿಗೆ ಅಪ್ಪರ್ ಕೆನಡಾದಲ್ಲಿ ಪರಿಹಾರ ಕೊಟ್ಟಾಗಿತ್ತು. ಲೋವರ್ ಕೆನಡಾಕ್ಕೂ 1 ಲಕ್ಷ ಪೌಂಡ್ ಮೀರದಂತೆ ಕೊಡಲು ಲಾಫೊಂತೇನ್ ಮಸೂದೆ ತಂದ. ಅಲ್ಲಿ ಎಷ್ಟೋ ಮನೆ, ಕೊಟ್ಟಿಗೆಗಳನ್ನು ಸುಟ್ಟದ್ದು ಸೈನ್ಯ ಮತ್ತು ಸರ್ಕಾರದ ಪರವಾದ ಸ್ವಯಂಸೇವಕ ದಳ. ದ್ರೋಹದ ಅಪರಾಧ ಸಾಬೀತಾದವರು, ಗಡಿಪಾರಾದವರನ್ನು ಮಾತ್ರ ಮಸೂದೆ ಹೊರಗಿಟ್ಟಿತು. ಹಾಗಾದರೆ ಶಿಕ್ಷೆಯಾಗದ ದಂಗೆಕೋರನಿಗೂ ದುಡ್ಡು ಸಿಗಬಹುದು! ಮಾಂಟ್ರಿಯಲ್‌ನ ಇಂಗ್ಲಿಷ್ ಟೋರಿಗಳು, ಅಂದರೆ ಹಳೆಯ ಆಡಳಿತದ ಪರವಿದ್ದವರು, ಕೆರಳಿದರು. ಮಸೂದೆಗೆ ಸದನದ ಎರಡೂ ಭಾಗದ ಸದಸ್ಯರಲ್ಲಿ ಬಹುಮತವಿತ್ತು.

ಎಲ್ಗಿನ್‌ಗೆ ದಾರಿಗಳಿದ್ದವು. ಸದನ ವಿಸರ್ಜಿಸಬಹುದಿತ್ತು. ಲಂಡನ್‌ಗೆ ಕಾಯ್ದಿರಿಸಿ ಕೈ ತೊಳೆದುಕೊಳ್ಳಬಹುದಿತ್ತು, ಅದೇ ಸುಲಭ. ಇದು ಒಳಾಡಳಿತದ ವಿಷಯ, ಮಂತ್ರಿಗಳಿಗೆ ಬಹುಮತವಿದೆ ಎಂದು ಲೆಕ್ಕ ಹಾಕಿ ಅಂಕಿತ ಹಾಕಲು ನಿರ್ಧರಿಸಿದ. ಏಪ್ರಿಲ್ 25ರಂದು ಅವನು ಸದನಕ್ಕೆ ಬಂದದ್ದು ನಿಜವಾಗಿ ಸುಂಕದ ಮಸೂದೆಯ ಅವಸರಕ್ಕೆ. ಹಿಮ ಕರಗಿ ನದಿ ತೆರೆದಿತ್ತು, ವರ್ಷದ ಮೊದಲ ಹಡಗು ಬರುವುದರಲ್ಲಿತ್ತು. ಬಂದವನು ಉಳಿದ ಮಸೂದೆಗಳಿಗೂ ಅಂಕಿತ ಹಾಕಿದ, ಅದರಲ್ಲಿ ಇದೂ ಒಂದು. ಹೊರಗೆ ಬರುವಾಗ ಗಾಡಿಯ ಮೇಲೆ ಕೊಳೆತ ಮೊಟ್ಟೆಗಳು ಬಿದ್ದವು.

ರಾತ್ರಿ ಶಾಂ ದ ಮಾರ್ಸ್ ಮೈದಾನದಲ್ಲಿ ಸೇರಿದ ಗುಂಪು ಪಂಜು ಹಿಡಿದು ಸೇಂಟ್ ಆನ್ ಮಾರುಕಟ್ಟೆ ಕಟ್ಟಡಕ್ಕೆ ನುಗ್ಗಿತು. ಸಂಸತ್ತು ಇದ್ದದ್ದು ಅಲ್ಲೇ, ಸದನ ಆ ಹೊತ್ತಿನಲ್ಲಿ ನಡೆಯುತ್ತಿತ್ತು. ಕಿಟಕಿಗೆ ಕಲ್ಲು ಬಿದ್ದವು. ಒಳಗೆ ಬಂದವನೊಬ್ಬ ಸಭಾಧ್ಯಕ್ಷರ ಕುರ್ಚಿಯಲ್ಲಿ ಕೂತು ಸದನ ವಿಸರ್ಜಿಸಿದ್ದೇನೆ ಎಂದು ಸಾರಿದ. ಬೆಂಕಿ ಹಿಡಿಯಿತು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಪುಸ್ತಕಗಳ ಗ್ರಂಥಾಲಯ ಬೂದಿಯಾಯಿತು. ವಿಕ್ಟೋರಿಯಾ ರಾಣಿಯ ದೊಡ್ಡ ಭಾವಚಿತ್ರವನ್ನು ಕೆಲವರು ಹೊತ್ತು ಹೊರಗೆ ತಂದರು.

ಎಲ್ಗಿನ್ ಸೈನ್ಯಕ್ಕೆ ಗುಂಡು ಹಾರಿಸಲು ಹೇಳಲಿಲ್ಲ, ಅಂಕಿತ ವಾಪಸು ಪಡೆಯಲಿಲ್ಲ. ಲಂಡನ್ ಅವನ ಬೆನ್ನಿಗೆ ನಿಂತಿತು. ಮಾಂಟ್ರಿಯಲ್ ರಾಜಧಾನಿ ಪಟ್ಟ ಕಳೆದುಕೊಂಡಿತು, ಟೊರಾಂಟೊ ಮತ್ತು ಕ್ವಿಬೆಕ್ ಸರದಿಯ ಮೇಲೆ ರಾಜಧಾನಿಗಳಾದವು. ಬೆಂಕಿ ಬಿದ್ದ ಮೂರು ವಾರಕ್ಕೆ, ಮೇ 16ರಂದು, ಮಾಂಟ್ರಿಯಲ್‌ನಲ್ಲಿ ಎಲ್ಗಿನ್‌ಗೆ ಮಗ ಹುಟ್ಟಿದ. ತಂದೆ 1862ರಲ್ಲಿ ಭಾರತದ ವೈಸರಾಯ್ ಆಗಿ ಬಂದು ಮರುವರ್ಷ ಧರ್ಮಶಾಲೆಯಲ್ಲಿ ತೀರಿಕೊಂಡ. ಮಗ 1894ರಿಂದ 1899ರವರೆಗೆ ವೈಸರಾಯ್ ಆಗಿದ್ದ. ಕೆನಡಾದಲ್ಲಿ ಒಪ್ಪಿಕೊಂಡ ನಿಯಮವನ್ನು ಇಬ್ಬರೂ ಇಲ್ಲಿಗೆ ತರಲಿಲ್ಲ.

ಬಾಲ್ಡ್‌ವಿನ್‌ನ ಕಾಯ್ದೆಗಳು

ಬೆಂಕಿಯ ಗದ್ದಲದಲ್ಲಿ 1849ರ ನಿಜವಾದ ಕೆಲಸ ಮರೆತುಹೋಗುತ್ತದೆ. ಬಾಲ್ಡ್‌ವಿನ್ ಹೆಸರಿನಲ್ಲೇ ಕರೆಯುವ ಮುನಿಸಿಪಲ್ ಕಾಯ್ದೆ 1850ರ ಜನವರಿ 1ರಿಂದ ಜಾರಿಗೆ ಬಂತು. ಅಪ್ಪರ್ ಕೆನಡಾದ ಹಳ್ಳಿ, ಪಟ್ಟಣ, ನಗರ, ಕೌಂಟಿಗಳಿಗೆ ಚುನಾಯಿತ ಮಂಡಳಿಗಳು ಸಿಕ್ಕವು. ಒಂಟಾರಿಯೊದ ಸ್ಥಳೀಯ ಆಡಳಿತದ ಅಡಿಪಾಯ ಅದು. ಅದೇ ದಿನ ಚರ್ಚಿನ ಹಿಡಿತದಲ್ಲಿದ್ದ ಕಿಂಗ್ಸ್ ಕಾಲೇಜು, ಯಾವ ಪಂಥಕ್ಕೂ ಸೇರದ ಟೊರಾಂಟೊ ವಿಶ್ವವಿದ್ಯಾಲಯವಾಯಿತು. ದಂಗೆಕೋರರಿಗೆ ಕ್ಷಮೆ ಸಿಕ್ಕಿತು, ಮೆಕೆಂಝಿ ಊರಿಗೆ ಮರಳಿದ. ಇನ್ನೊಂದು ಮುಖವೂ ಇದೆ. ಹೆಂಗಸರಿಗೆ ಮತದಾನವಿಲ್ಲ ಎಂದು ಕಾಯ್ದೆಯಲ್ಲೇ ಬರೆದದ್ದು ಇದೇ ಸದನ, ಇದೇ ವರ್ಷ. ಅದಕ್ಕೆ ಮೊದಲು ಲೋವರ್ ಕೆನಡಾದಲ್ಲಿ ಆಸ್ತಿಯಿದ್ದ ಕೆಲವು ಹೆಂಗಸರು ಮತ ಹಾಕಿದ್ದರು.

ಬರೆಯದ ನಿಯಮ, ಬರೆದ ವಿಧಿ

ಜವಾಬ್ದಾರಿ ಸರ್ಕಾರಕ್ಕೆಂದು ಆಗ ಯಾವ ಕಾಯ್ದೆಯೂ ಬರಲಿಲ್ಲ. 1867ರಲ್ಲಿ ಕೆನಡಾ ಒಕ್ಕೂಟವಾದಾಗಲೂ ಆ ಕಾಯ್ದೆಯಲ್ಲಿ ‘ಪ್ರಧಾನಮಂತ್ರಿ’ ಎಂಬ ಪದವಿಲ್ಲ. ಬ್ರಿಟನ್ನಿನ ತತ್ವಕ್ಕೆ ಹೊಂದುವ ಸಂವಿಧಾನ ಎಂಬ ಪೀಠಿಕೆಯ ಸಾಲು, ಜತೆಗೆ 1848ರಿಂದ ನಡೆದು ಬಂದ ವಾಡಿಕೆ, ಇಷ್ಟರ ಮೇಲೆ ನಿಂತಿದೆ. ಭಾರತಕ್ಕೆ ಹಂತಹಂತವಾಗಿ ಜವಾಬ್ದಾರಿ ಸರ್ಕಾರ ಕೊಡುವ ಮಾತನ್ನು ಬ್ರಿಟನ್ ಆಡಿದ್ದು 1917ರ ಮಾಂಟೆಗೂ ಘೋಷಣೆಯಲ್ಲಿ. ನಾವು ಅದನ್ನು ಬರೆದಿಟ್ಟುಕೊಂಡೆವು: ಸಚಿವ ಸಂಪುಟ ವಿಧಾನಸಭೆಗೆ ಸಾಮೂಹಿಕವಾಗಿ ಹೊಣೆ ಎನ್ನುತ್ತದೆ 164ನೇ ವಿಧಿಯ ಎರಡನೇ ಉಪವಿಧಿ.

ಬರೆದ ಮೇಲೂ ಎಣಿಕೆ ಎಲ್ಲಿ ಎಂಬ ಪ್ರಶ್ನೆ ಉಳಿದಿತ್ತು. 1989ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿ ಸರ್ಕಾರಕ್ಕೆ ಸದನದಲ್ಲಿ ಬಹುಮತ ತೋರಿಸಲು ಅವಕಾಶ ಕೊಡದೆ, ರಾಜ್ಯಪಾಲರ ವರದಿಯ ಮೇಲೆ ವಜಾ ಮಾಡಲಾಯಿತು. ಬಹುಮತದ ಪರೀಕ್ಷೆ ನಡೆಯಬೇಕಾದದ್ದು ಸದನದಲ್ಲಿ, ರಾಜಭವನದಲ್ಲಲ್ಲ ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ್ದು 1994ರ ಮಾರ್ಚ್ 11ರಂದು. 146 ವರ್ಷ ಹಿಂದೆ ಅದೇ ತಾರೀಕಿಗೆ ಬಾಲ್ಡ್‌ವಿನ್ ಅಧಿಕಾರ ವಹಿಸಿದ್ದ.

1851: ನಾಲ್ಕನೆಯ ರಾಜೀನಾಮೆ

ಬಾಲ್ಡ್‌ವಿನ್ ಸುಧಾರಿಸಿದ್ದ ಚಾನ್ಸರಿ ನ್ಯಾಯಾಲಯವನ್ನು (ಆಸ್ತಿ, ಟ್ರಸ್ಟ್‌ನಂಥ ವ್ಯಾಜ್ಯ ನೋಡುವ ನ್ಯಾಯಾಲಯ) ರದ್ದು ಮಾಡಬೇಕೆಂದು 1851ರ ಜೂನ್‌ನಲ್ಲಿ ಮೆಕೆಂಝಿ ನಿರ್ಣಯ ತಂದ. ನಿರ್ಣಯ ಬಿದ್ದುಹೋಯಿತು. ಆದರೆ ಬೀಳಿಸಿದ್ದು ಲಾಫೊಂತೇನ್ ಕಡೆಯ ಮತಗಳು. ಅಪ್ಪರ್ ಕೆನಡಾದ ಸದಸ್ಯರಲ್ಲಿ ಹೆಚ್ಚಿನವರು ರದ್ದತಿಯ ಪರ ನಿಂತಿದ್ದರು. ಲೆಕ್ಕದ ಪ್ರಕಾರ ಸರ್ಕಾರಕ್ಕೆ ಬಹುಮತವಿತ್ತು, ಯಾರೂ ರಾಜೀನಾಮೆ ಕೇಳಿರಲಿಲ್ಲ. ತನ್ನ ಸೀಮೆಯ ಕಾನೂನಿನ ವಿಷಯದಲ್ಲಿ ತನ್ನ ಸೀಮೆಯವರ ನಂಬಿಕೆಯೇ ಇಲ್ಲದ ಮೇಲೆ ಇರಬಾರದು ಎಂದು ಬಾಲ್ಡ್‌ವಿನ್ ಜೂನ್ 30ರಂದು ಹೊರಬಂದ. ಅದೇ ವರ್ಷದ ಕೊನೆಗೆ ನಾಲ್ಕನೇ ಯಾರ್ಕ್ ಮತದಾರರೂ ಅವನನ್ನು ಸೋಲಿಸಿದರು. ಮತ್ತೆ ರಾಜಕೀಯಕ್ಕೆ ಮರಳಲಿಲ್ಲ. ಲಾಫೊಂತೇನ್ ಕೂಡ ಅದೇ ವರ್ಷ ಬಿಟ್ಟ, 1853ರಲ್ಲಿ ಲೋವರ್ ಕೆನಡಾದ ಮುಖ್ಯ ನ್ಯಾಯಾಧೀಶನಾದ.

ಸ್ಪಡೈನಾ ಮನೆಯಲ್ಲಿ ಬಾಲ್ಡ್‌ವಿನ್ ಹೆಂಡತಿಯ ಪತ್ರಗಳೊಂದಿಗೆ ದಿನ ಕಳೆದ. ಖಿನ್ನತೆ ಅವನನ್ನು ಎಷ್ಟೋ ವರ್ಷದಿಂದ ಕಾಡುತ್ತಿತ್ತು. 1858ರ ಡಿಸೆಂಬರ್ 9ರಂದು ತೀರಿಕೊಂಡ. ಕೆಲವು ವಾರದ ಮೇಲೆ ಮಗ ವಿಲಿಯಂಗೆ ತಂದೆಯ ಹಳೆಯ ಕೋಟಿನ ಜೇಬಿನಲ್ಲಿ ಒಂದು ಚೀಟಿ ಸಿಕ್ಕಿತು. ಅಗಸ್ಟಾಳಿಗೆ ಹೆರಿಗೆಯಲ್ಲಿ ಮಾಡಿದಂಥದೇ ಕೊಯ್ತವನ್ನು ತನ್ನ ಹೊಟ್ಟೆಯ ಮೇಲೂ ಮಾಡಬೇಕು, ಅವಳ ಪತ್ರಗಳನ್ನು ಜತೆಗಿಡಬೇಕು, ಇಬ್ಬರ ಶವಪೆಟ್ಟಿಗೆಗಳನ್ನು ಸರಪಳಿಯಿಂದ ಬಿಗಿಯಬೇಕು ಎಂದು ಅದರಲ್ಲಿ ಬರೆದಿತ್ತು. 1859ರ ಜನವರಿಯಲ್ಲಿ ಸಮಾಧಿ ತೆರೆಸಿ, ವೈದ್ಯನನ್ನು ಕರೆಸಿ, ಮಗ ಅದನ್ನು ನಡೆಸಿಕೊಟ್ಟ.